ಸುಳಿ ಕೊಟ್ಟ ಸುಳಿವು: ನಾಗಸಂದ್ರ–ಪೀಣ್ಯ ಸೀಮೆಯಲ್ಲಿ ಲೋಹದ ಒಳದೋಷ ಹುಡುಕುವ ವಿದ್ಯೆ

ಲೋಹದ ಒಳಗೆ ಅಡಗಿದ ದೋಷವನ್ನು ಲೋಹ ಕೆಡಿಸದೆ ಕಂಡುಹಿಡಿಯಬೇಕೆಂಬ ಬಯಕೆ ಲೋಹದ ಕಸುಬಿನಷ್ಟೇ ಹಳೆಯದಾದರೂ ಆ ಬಯಕೆಗೆ ತಕ್ಕ ಉಪಕರಣ ದೊರೆತದ್ದು ತೀರ ಈಚೆಗೆ. ಮಡಕೆ ಕೊಳ್ಳುವವರು ಬೆರಳ ಗೆಣ್ಣಿನಿಂದ ಬಡಿದು ನಾದ ಕೇಳುತ್ತಿದ್ದರು, ಸಂತೆಯ ವ್ಯಾಪಾರಿ ಬೆಳ್ಳಿ ರೂಪಾಯಿಯನ್ನು ಕಲ್ಲಿನ ಮೇಲೆ ಎಸೆದು ಅದರ ದನಿಯಿಂದಲೇ ಖೋಟಾ ಹೌದೋ ಅಲ್ಲವೋ ಎಂದು ತೀರ್ಮಾನಿಸುತ್ತಿದ್ದ, ಅಕ್ಕಸಾಲಿಗ ಚಿನ್ನವನ್ನು ಒರೆಗಲ್ಲಿಗೆ ತಿಕ್ಕಿ ಗೆರೆಯ ಬಣ್ಣ ನೋಡುತ್ತಿದ್ದ, ರೈಲ್ವೆಯ ಕೆಲಸಗಾರ ನಿಂತ ಗಾಡಿಯ ಗಾಲಿಗಳನ್ನು ಉದ್ದ ಹಿಡಿಯ ಸುತ್ತಿಗೆಯಿಂದ ಒಂದೊಂದಾಗಿ ತಟ್ಟುತ್ತ ಸಾಗುತ್ತಿದ್ದ. ಈ ಪರೀಕ್ಷೆಗಳೆಲ್ಲ ಕಿವಿ–ಕಣ್ಣುಗಳ ಅನುಭವವನ್ನು ನೆಚ್ಚಿದ್ದವು. ದೋಷ ಎಲ್ಲಿದೆ, ಎಷ್ಟು ಆಳದ್ದು ಎಂಬುದನ್ನು ಅವು ಹೇಳುತ್ತಿರಲಿಲ್ಲ. ಖಚಿತವಾಗಿ ತಿಳಿಯಬೇಕಾದರೆ ವಸ್ತುವನ್ನು ಕತ್ತರಿಸಬೇಕಿತ್ತು, ಕತ್ತರಿಸಿ ನೋಡಿದರೆ ದೋಷ ಸಿಕ್ಕೀತೇ ಹೊರತು ವಸ್ತು ಉಳಿಯದು. ಈ ಇಕ್ಕಟ್ಟಿನಿಂದ ಪಾರಾಗಲು ಹುಟ್ಟಿದ ವಿದ್ಯೆಯನ್ನು ಕನ್ನಡದ ಬರಹಗಳಲ್ಲಿ ವಿನಾಶರಹಿತ ಪರೀಕ್ಷೆ ಎನ್ನುವುದುಂಟು. ಕಾರ್ಖಾನೆಗಳಲ್ಲಿ ಎನ್‌ಡಿಟಿ ಎಂಬ ಮೂರಕ್ಷರವೇ ಚಾಲ್ತಿಯಲ್ಲಿದೆ. ಅದರ ಹಲವು ಕವಲುಗಳ ಪೈಕಿ ವಿದ್ಯುತ್ತನ್ನೂ ಅಯಸ್ಕಾಂತವನ್ನೂ ಆಧರಿಸಿದ ಕವಲು ಬೆಂಗಳೂರಿನ ವಾಯವ್ಯ ಅಂಚಿನ ನಾಗಸಂದ್ರ–ಪೀಣ್ಯ ಸೀಮೆಯಲ್ಲಿ ಹೇಗೆ ಬೇರೂರಿತೆಂಬುದು ಇಲ್ಲಿನ ವಿಷಯ.

ನಾಗಸಂದ್ರ ಎಂಬ ಹೆಸರಿನ ಕೊನೆಯ ಭಾಗ ‘ಸಮುದ್ರ’ದ ಸವೆದ ರೂಪ, ಕೆರೆಗೆ ಸಮುದ್ರವೆಂದು ಹೆಸರಿಡುವ ಹಳೆಯ ಪದ್ಧತಿಯಿಂದ ಬೊಮ್ಮಸಂದ್ರ, ಸಿಂಗಸಂದ್ರಗಳಂತೆ ಇದೂ ಬಂದಿದೆ. ಕೆರೆ–ಹೊಲಗಳ ಈ ಹಳ್ಳಿಯ ಪಕ್ಕದಲ್ಲೇ ತುಮಕೂರು ರಸ್ತೆ ಹಾದುಹೋಗಿದ್ದು, ಮೈಲಿಗಳ ಲೆಕ್ಕ ಹೋಗಿ ಕಿಲೋಮೀಟರಿನ ಲೆಕ್ಕ ಬಂದು ದಶಕಗಳೇ ಕಳೆದಿದ್ದರೂ ‘8ನೇ ಮೈಲಿ’ ಎಂಬ ಬಸ್ ನಿಲ್ದಾಣದ ಹೆಸರು ಇಂದಿಗೂ ಅಳಿದಿಲ್ಲ. ಇದೇ ರಸ್ತೆ ಮುಂದೆ ಸಾಗುವ ಸೀಮೆಗೆ ಲೋಹದ ಹಳೆಯ ಚರಿತ್ರೆಯೊಂದಿದೆ. 1800ರಲ್ಲಿ ಮೈಸೂರು ರಾಜ್ಯದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್, ಮಧುಗಿರಿ–ಚನ್ನರಾಯದುರ್ಗಗಳ ಆಸುಪಾಸಿನಲ್ಲಿ ಉಕ್ಕು ಮಾಡುತ್ತಿದ್ದವರ ಕೆಲಸವನ್ನು 1807ರಲ್ಲಿ ಅಚ್ಚಾದ ತನ್ನ ಪ್ರವಾಸಕಥನದಲ್ಲಿ ದಾಖಲಿಸಿದ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡಿನ ಜೊತೆ ತಂಗಡಿ ಗಿಡದ ಕಡ್ಡಿ, ಹಸಿ ಎಲೆ ಇಟ್ಟು, ಬಾಯಿ ಮೆತ್ತಿ, ತಿದಿಯೊತ್ತಿ ಕಾಯಿಸುತ್ತಿದ್ದ ದಕ್ಷಿಣದ ಈ ವಿಧಾನದಲ್ಲಿ ಆ ಕಡ್ಡಿಯ ಇಂಗಾಲವೇ ಕಬ್ಬಿಣವನ್ನು ಉಕ್ಕಾಗಿಸುತ್ತಿತ್ತು. ಯುರೋಪಿನವರು ‘ವೂಟ್ಜ್’ ಎಂದು ಕರೆದ ಈ ಸರಕಿನ ಹೆಸರು ಕನ್ನಡದ ‘ಉಕ್ಕು’ ಎಂಬ ಮಾತಿನಿಂದಲೇ ಬಂದದ್ದೆಂದು ವಿದ್ವಾಂಸರು ಬಹುಮಟ್ಟಿಗೆ ಒಪ್ಪುತ್ತಾರೆ. ಇದರ ಗುಟ್ಟು ತಿಳಿಯಲು ಲಂಡನ್ನಿನಲ್ಲಿ ಹೆಣಗಿದವರಲ್ಲಿ ಮೈಕೆಲ್ ಫ್ಯಾರಡೆಯೂ ಒಬ್ಬ. ಹರಿತವಾದ ಅಲಗುಗಳನ್ನು ತಯಾರಿಸುತ್ತಿದ್ದ ಜೇಮ್ಸ್ ಸ್ಟೊಡಾರ್ಟ್ ಎಂಬಾತನೊಡನೆ 1820ರ ಸುಮಾರಿನಲ್ಲಿ ಅವನು ಈ ಉಕ್ಕನ್ನು ಕರಗಿಸಿ, ಬೆರೆಸಿ, ವಿಶ್ಲೇಷಿಸಿ ನೋಡಿದ. ಉಕ್ಕಿನ ಒಳಗುಟ್ಟು ಅವನಿಗೆ ಪೂರ್ತಿ ದಕ್ಕಲಿಲ್ಲ. ಹತ್ತು ವರ್ಷಗಳ ಬಳಿಕ ಬೇರೆಯೇ ದಾರಿಯಲ್ಲಿ ಅವನು ಕಂಡುಕೊಂಡ ನಿಯಮ ಮಾತ್ರ ಮುಂದೆ ಎಲ್ಲ ಲೋಹಗಳ ಒಳಗನ್ನೂ ನೋಡುವ ಕಣ್ಣಾಯಿತು.

ಆ ನಿಯಮಕ್ಕೆ ಮೊದಲೇ ಒಂದು ಒಗಟು ಹುಟ್ಟಿಕೊಂಡಿತ್ತು. ತಾಮ್ರ ಅಯಸ್ಕಾಂತಕ್ಕೆ ಅಂಟುವ ಲೋಹವಲ್ಲ. ಆದರೂ ತಾಮ್ರದ ತಟ್ಟೆಯ ಮೇಲೆ ತೂಗುವ ಕಾಂತಸೂಜಿ ಬೇಗನೆ ನಿಶ್ಚಲವಾಗುತ್ತದೆ, ತಟ್ಟೆಯನ್ನು ತಿರುಗಿಸಿದರೆ ಸೂಜಿಯೂ ಜೊತೆಗೆ ತಿರುಗುತ್ತದೆ ಎಂಬುದನ್ನು ಪ್ಯಾರಿಸಿನಲ್ಲಿ ಫ್ರಾಂಸ್ವಾ ಅರಾಗೊ 1824ರ ಹೊತ್ತಿಗೆ ಗಮನಿಸಿದ್ದ. 1831ರಲ್ಲಿ ಫ್ಯಾರಡೆ, ಬದಲಾಗುತ್ತಿರುವ ಕಾಂತಕ್ಷೇತ್ರವು ತನ್ನ ವ್ಯಾಪ್ತಿಯೊಳಗಿನ ಲೋಹದಲ್ಲಿ ವಿದ್ಯುತ್ತನ್ನು ಹರಿಸುತ್ತದೆಂದು ತೋರಿಸಿ ಈ ಒಗಟನ್ನು ಬಿಡಿಸಿದ. 1855ರಲ್ಲಿ ಲಿಯಾನ್ ಫೂಕೋ ಈ ಹರಿವು ಲೋಹವನ್ನು ಬಿಸಿ ಮಾಡುವುದನ್ನು ತೋರಿಸಿದ. ತಂತಿಯಲ್ಲಿ ಹರಿಯುವ ವಿದ್ಯುತ್ತಿಗೆ ಗೊತ್ತಾದ ದಾರಿಯಿರುತ್ತದೆ. ಲೋಹದ ಗಟ್ಟಿಯೊಳಗೆ ಹುಟ್ಟುವ ಈ ವಿದ್ಯುತ್ತು ಅಂಥ ದಾರಿಯಿಲ್ಲದೆ ಹೊಳೆಯ ಮಡುವಿನ ನೀರಿನಂತೆ ತನ್ನಲ್ಲೇ ಸುತ್ತುವುದರಿಂದ ಅದಕ್ಕೆ ಎಡ್ಡಿ ಕರೆಂಟ್, ಕನ್ನಡದಲ್ಲಿ ಸುಳಿ ಪ್ರವಾಹ, ಎಂಬ ಹೆಸರು ಬಂತು. ದನದ ಜಾತ್ರೆಯಲ್ಲಿ ಎತ್ತಿನ ಮೈಮೇಲಿನ ಸುಳಿ ನೋಡಿ ವ್ಯಾಪಾರ ಕುದುರಿಸುವ ನಾಡಿನಲ್ಲಿ, ಲೋಹದ ಸುಳಿ ನೋಡಿ ಅದರ ಗುಣದೋಷ ಹೇಳುವ ವಿದ್ಯೆಗೆ ಇದಕ್ಕಿಂತ ಒಪ್ಪುವ ಹೆಸರು ಸಿಗಲಾರದು.

ಸುಳಿಯಿಂದ ಸುಳಿವು ಸಿಗುವ ಬಗೆ ಹೀಗೆ. ತಾಮ್ರದ ತಂತಿಯ ಸುರುಳಿಗೆ, ಅಂದರೆ ಕಾಯಿಲ್‌ಗೆ, ದಿಕ್ಕು ಬದಲಿಸುತ್ತಲೇ ಇರುವ ವಿದ್ಯುತ್ತನ್ನು ಹರಿಸಿ ಲೋಹದ ಬಳಿಗೆ ತಂದರೆ ಲೋಹದಲ್ಲಿ ಸುಳಿಗಳೇಳುತ್ತವೆ, ಆ ಸುಳಿಗಳು ತಮ್ಮದೇ ಆದ ಕಾಂತಕ್ಷೇತ್ರದಿಂದ ಸುರುಳಿಯನ್ನು ಎದುರಿಸುತ್ತವೆ, ಆ ಎದುರಿಕೆಯಿಂದ ಸುರುಳಿಯ ವಿದ್ಯುತ್ ಗುಣ ತುಸು ಬದಲಾಗುತ್ತದೆ. ಲೋಹದಲ್ಲಿ ಬಿರುಕೊಂದಿದ್ದರೆ, ಬಂಡೆ ಅಡ್ಡ ಬಂದಾಗ ನೀರು ಬಳಸಿ ಹೋಗುವಂತೆ ಸುಳಿಯೂ ಸುತ್ತುಹಾದಿ ಹಿಡಿಯುವುದರಿಂದ ಆ ಬದಲಾವಣೆಯ ಅಳತೆಯಲ್ಲಿ ವ್ಯತ್ಯಾಸ ಕಾಣುತ್ತದೆ. ಆದರೆ ಸುಳಿ ಆಳಕ್ಕಿಳಿಯುವುದಿಲ್ಲ. ವಿದ್ಯುತ್ತು ಎಷ್ಟು ಬೇಗ ದಿಕ್ಕು ಬದಲಿಸುತ್ತದೋ ಅಷ್ಟೂ ಸುಳಿ ಮೇಲ್ಪದರಕ್ಕೆ ಸೀಮಿತವಾಗುತ್ತದೆ. ಅಲ್ಯೂಮಿನಿಯಮ್ಮಿನಲ್ಲಿ ಸೆಕೆಂಡಿಗೆ 10,000 ಆವರ್ತನಕ್ಕೆ ಸುಳಿಯ ಬಲ ಹೆಚ್ಚಾಗಿರುವುದು ಸುಮಾರು 0.8 ಮಿಲಿಮೀಟರ್ ಆಳದವರೆಗೆ, ಆವರ್ತನವನ್ನು 100ಕ್ಕೆ ಇಳಿಸಿದರೆ ಸುಮಾರು 8 ಮಿಲಿಮೀಟರ್ ಆಳದವರೆಗೆ. ಉಕ್ಕು ತಾನೇ ಅಯಸ್ಕಾಂತವಾಗಬಲ್ಲ ಲೋಹವಾದ್ದರಿಂದ ಅಲ್ಲಿ ಸುಳಿ ಇನ್ನೂ ತೆಳ್ಳನೆಯ ಪದರದಲ್ಲೇ ತಿರುಗುತ್ತದೆ. ಹೀಗಾಗಿ ಒಳದೋಷ ಎಂಬ ಮಾತನ್ನು ಇಲ್ಲಿ ಮಿತವಾಗಿ ತೆಗೆದುಕೊಳ್ಳಬೇಕು. ಚರ್ಮದಡಿಯ ಗಂಟನ್ನು ಬೆರಳಿನಿಂದ ತಡವಿ ನೋಡುವ ವೈದ್ಯನಂತೆ ಈ ವಿಧಾನ ಲೋಹದ ಹೊರಪದರವನ್ನೂ ಅದರ ಕೆಳಗಿನ ತುಸು ಭಾಗವನ್ನೂ ಬಲ್ಲದು, ಗರ್ಭದ ಸಂಗತಿಯನ್ನಲ್ಲ.

ಉಪಕರಣದ ಚರಿತ್ರೆಯನ್ನು ಚುಟುಕಾಗಿ ಹೇಳಬಹುದು. 1868ರಲ್ಲಿ ಇಂಗ್ಲೆಂಡಿನ ಸ್ಯಾಕ್ಸ್‌ಬಿ ಎಂಬಾತ ಫಿರಂಗಿಯ ನಳಿಗೆಗಳ ಉದ್ದಕ್ಕೆ ದಿಕ್ಸೂಚಿಯನ್ನು ಸರಿಸುತ್ತ, ಸೂಜಿ ಅತ್ತಿತ್ತ ಹೊರಳಿದಲ್ಲಿ ಒಳಗೆ ಬಿರುಕೋ ಪೊಳ್ಳೋ ಇದೆಯೆಂದು ಗುರುತಿಸಿದ. 1879ರಲ್ಲಿ ಡೇವಿಡ್ ಹ್ಯೂಸ್ ಸುರುಳಿಗಳ ಜೋಡಿಯೊಂದನ್ನು ತಕ್ಕಡಿಯಂತೆ ಸಮತೂಗಿಸಿ, ನಾಣ್ಯಗಳನ್ನೂ ಲೋಹಗಳನ್ನೂ ಅವು ಎಬ್ಬಿಸುವ ಸುಳಿಯಿಂದಲೇ ಬೇರ್ಪಡಿಸಿದ. ಅಚ್ಚರಿಯೆಂದರೆ ಅಮೆರಿಕದಲ್ಲಿ ಎಡ್ವಿನ್ ಹಾಲ್, ಮುಂದೆ ಹಾಲ್ ಸೆನ್ಸರ್ ಎಂದು ಮನೆಮಾತಾದ ಕಾಂತಸಂವೇದಕಕ್ಕೆ ಅಡಿಪಾಯವಾದ ಪರಿಣಾಮವನ್ನು ಕಂಡದ್ದೂ ಅದೇ ವರ್ಷ. ಈ ವಿದ್ಯೆಗೆ ಗಣಿತದ ಕಟ್ಟು ಕೊಟ್ಟು ಕಾರ್ಖಾನೆಗೆ ಇಳಿಸಿದವನು ಜರ್ಮನಿಯ ಫ್ರೀಡ್ರಿಕ್ ಫೋರ್‌ಸ್ಟರ್. 1930ರ ದಶಕದಲ್ಲಿ ಸ್ಟುಟ್‌ಗಾರ್ಟಿನ ಲೋಹ ಸಂಶೋಧನಾಲಯದಲ್ಲಿದ್ದ ಅವನು ಭೂಮಿಯ ನಸು ಕಾಂತಕ್ಷೇತ್ರವನ್ನೂ ಅಳೆಯಬಲ್ಲ ಸಂವೇದಕವನ್ನು ರೂಪಿಸಿ, ಯುದ್ಧ ಮುಗಿದ ಮೇಲೆ 1948ರಲ್ಲಿ ರಾಯ್ಟ್‌ಲಿಂಗೆನ್ ಎಂಬ ಊರಿನಲ್ಲಿ ತನ್ನದೇ ಸಂಸ್ಥೆ ತೆರೆದು, ಸುರುಳಿಯ ಉತ್ತರವನ್ನು ಒಂದು ಸಮತಲದ ಮೇಲಿನ ಚುಕ್ಕಿಯಾಗಿ ಓದುವ ಪದ್ಧತಿಯನ್ನು ನೆಲೆಗೊಳಿಸಿದ. ಚುಕ್ಕಿ ಒಂದು ದಿಕ್ಕಿಗೆ ಸರಿದರೆ ಬಿರುಕು, ಇನ್ನೊಂದು ದಿಕ್ಕಿಗೆ ಸರಿದರೆ ಸುರುಳಿ ಲೋಹದಿಂದ ತುಸು ಎದ್ದಿದೆ ಎಂಬಂಥ ವಿವೇಚನೆ ಸಾಧ್ಯವಾದದ್ದು ಅಲ್ಲಿಂದ.

ನಾಗಸಂದ್ರಕ್ಕೆ ಈ ವಿದ್ಯೆ ಬಂದದ್ದು ಬಿರುಕು ಹುಡುಕುವ ಕೆಲಸದ ಮೂಲಕವೆಂದು ಊಹಿಸಿದರೆ ತಪ್ಪಾದೀತು. ಇಲ್ಲಿ ಅಯಸ್ಕಾಂತದ ಪರೀಕ್ಷೆಗೆ ನಿಜವಾದ ನೆಲೆ ಒದಗಿಸಿದ್ದು ಲೋಹ ಕತ್ತರಿಸುವ ಲೋಹ. 1923ರಲ್ಲಿ ಬರ್ಲಿನ್ನಿನ ಓಸ್ರಾಮ್ ಕಂಪನಿಯ ಕಾರ್ಲ್ ಶ್ರೋಟರ್, ವಿದ್ಯುದ್ದೀಪದ ಒಳತಂತಿಯನ್ನು ಎಳೆಯಲು ಬೇಕಾದ ದುಬಾರಿ ವಜ್ರದ ಅಚ್ಚುಗಳಿಗೆ ಬದಲಿ ಹುಡುಕುತ್ತ, ಟಂಗ್‌ಸ್ಟನ್ ಕಾರ್ಬೈಡಿನ ಪುಡಿಗೆ ಕೋಬಾಲ್ಟ್ ಬೆರೆಸಿ ಬೇಯಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಹಕ್ಕು ಕೊಂಡ ಕ್ರುಪ್ ಕಂಪನಿ ಈ ಗಟ್ಟಿಲೋಹಕ್ಕೆ ‘ವಜ್ರದಂತೆ’ ಎಂಬರ್ಥದ ಎರಡು ಜರ್ಮನ್ ಪದಗಳನ್ನು ಮೊಟಕಿಸಿ ‘ವಿಡಿಯಾ’ ಎಂದು ಹೆಸರಿಟ್ಟು 1927ರ ಲೈಪ್‌ಜಿಗ್ ಮೇಳದಲ್ಲಿ ಪ್ರದರ್ಶಿಸಿತು. ಅದೇ ಹೆಸರಿನ ಭಾರತೀಯ ಕಂಪನಿ 1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಗಿ, ತುಮಕೂರು ರಸ್ತೆಯ ಎಂಟನೇ–ಒಂಬತ್ತನೇ ಮೈಲಿಗಳ ನಡುವೆ ಕಾರ್ಖಾನೆ ಕಟ್ಟಿತು. 2002ರಲ್ಲಿ ಅಮೆರಿಕದ ಕೆನಮೆಟಲ್ ಕೈಗೆ ಬಂದ ಆ ಕಂಪನಿಯ ಫಲಕ ಬದಲಾಗಿದ್ದರೂ, ಯಾವ ಕಂಪನಿಯ ಕಾರ್ಬೈಡ್ ತುದಿಯಾದರೂ ಅದನ್ನು ‘ವಿಡಿಯಾ’ ಎಂದೇ ಕರೆಯುವ ಟರ್ನರ್‌ಗಳ ರೂಢಿ ಬದಲಾಗಿಲ್ಲ.

ವಿಡಿಯಾ ತುದಿಯೊಂದು ಹುಟ್ಟುವ ಬಗೆಯನ್ನು ಹತ್ತಿರದಿಂದ ನೋಡಿದರೆ ಇಲ್ಲಿ ಒಳದೋಷವೆಂದರೆ ಏನೆಂಬುದು ತಿಳಿಯುತ್ತದೆ. ಬೂದುಬಣ್ಣದ ಕಾರ್ಬೈಡ್ ಪುಡಿಯನ್ನೂ ಕೋಬಾಲ್ಟ್ ಪುಡಿಯನ್ನೂ ಒಟ್ಟಿಗೆ ಅರೆದು, ಒಣಗಿಸಿ, ಅಚ್ಚಿನಲ್ಲಿ ಒತ್ತಿದಾಗ ಸಿಗುವ ತುಣುಕು ಬಳಪದಷ್ಟು ಮೃದು. ಉಗುರಿನಿಂದ ಗೀರಿದರೂ ಉದುರುತ್ತದೆ. ಅದನ್ನು ಸುಮಾರು 1,400 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸಿದಾಗ ಕೋಬಾಲ್ಟ್ ಕರಗಿ ಕಾರ್ಬೈಡಿನ ಕಣಕಣಗಳ ನಡುವೆ ಗಾರೆಯಂತೆ ತುಂಬಿಕೊಂಡು, ಇಡೀ ತುಣುಕು ಉದ್ದಗಲಗಳಲ್ಲಿ ಹೆಚ್ಚುಕಡಿಮೆ ಐದರಲ್ಲೊಂದು ಪಾಲು ಕುಗ್ಗಿ ಕಲ್ಲಿಗಿಂತ ಗಟ್ಟಿಯಾಗುತ್ತದೆ. ಶುದ್ಧ ಟಂಗ್‌ಸ್ಟನ್ ಕಾರ್ಬೈಡಿನಲ್ಲಿ ಇಂಗಾಲದ ಪಾಲು ತೂಕದಲ್ಲಿ ಶೇ. 6.13. ಈ ಲೆಕ್ಕ ಒಂದಿಷ್ಟು ತಗ್ಗಿದರೆ ಟಂಗ್‌ಸ್ಟನ್, ಕೋಬಾಲ್ಟ್, ಇಂಗಾಲ ಮೂರೂ ಸೇರಿದ ಪೆಡಸು ಸಂಯುಕ್ತ ಒಳಗೆ ಅಲ್ಲಲ್ಲಿ ಹುಟ್ಟಿಕೊಳ್ಳುತ್ತದೆ. ಲೋಹತಜ್ಞರು ಅದನ್ನು ಈಟಾ ಪ್ರಾವಸ್ಥೆ ಎನ್ನುತ್ತಾರೆ, ಅದಿರುವ ತುದಿ ಉಕ್ಕಿಗೆ ತಾಗಿದೊಡನೆ ಚೂರಾಗಬಹುದು. ಇಂಗಾಲ ಹೆಚ್ಚಾದರೆ ಬಿಡಿ ಗ್ರಾಫೈಟಿನ ಕಪ್ಪು ಚುಕ್ಕೆಗಳು ಉಳಿದು ತುದಿ ಬೇಗ ಸವೆಯುತ್ತದೆ. ಒಳ್ಳೆಯ ತುಣುಕು, ಕೆಟ್ಟ ತುಣುಕು ಎರಡೂ ಹೊರಗಿನಿಂದ ಒಂದೇ ಬೂದುಬಣ್ಣ, ಒಂದೇ ಹೊಳಪು, ಕೈಗೆ ಒಂದೇ ಭಾರ.

ಈ ವ್ಯತ್ಯಾಸವನ್ನು ಹಿಡಿದುಕೊಡುವುದು ಕೋಬಾಲ್ಟಿನ ಒಂದು ಗುಣ. ಇಡೀ ತುಣುಕಿನಲ್ಲಿ ಅಯಸ್ಕಾಂತವಾಗಬಲ್ಲದ್ದು ಗಾರೆಯಂತಿರುವ ಕೋಬಾಲ್ಟ್ ಮಾತ್ರ. ಇಂಗಾಲ ಕಡಿಮೆಯಾದಾಗ ಟಂಗ್‌ಸ್ಟನ್ ಹೆಚ್ಚಾಗಿ ಕೋಬಾಲ್ಟಿನಲ್ಲಿ ಕರಗಿ ಅದರ ಕಾಂತಶಕ್ತಿಯನ್ನು ತಗ್ಗಿಸುತ್ತದೆ, ಈಟಾ ಪ್ರಾವಸ್ಥೆ ಹುಟ್ಟಿದರಂತೂ ಅದಕ್ಕೆ ಸೇರಿಹೋದ ಕೋಬಾಲ್ಟ್ ಅಯಸ್ಕಾಂತದ ಲೆಕ್ಕದಿಂದಲೇ ಹೊರಬೀಳುತ್ತದೆ. ಆದ್ದರಿಂದ ತುಣುಕು ಎಷ್ಟರಮಟ್ಟಿಗೆ ಅಯಸ್ಕಾಂತವಾಗಬಲ್ಲದೆಂದು ಅಳೆದರೆ ಇಂಗಾಲದ ಲೆಕ್ಕ ತಾನಾಗಿ ಸಿಗುತ್ತದೆ. ಇನ್ನೊಂದು ಅಳತೆ ಇದಕ್ಕಿಂತ ಸೂಕ್ಷ್ಮ. ಅಯಸ್ಕಾಂತವಾದ ತುಣುಕಿನಿಂದ ಆ ಗುಣವನ್ನು ಪೂರ್ತಿ ಅಳಿಸಲು ವಿರುದ್ಧ ದಿಕ್ಕಿನ ಎಷ್ಟು ಬಲ ಬೇಕು ಎಂಬುದಕ್ಕೆ ಕೋಅರ್ಸಿವಿಟಿ, ಅಂದರೆ ಕಾಂತದ ಹಠ, ಎನ್ನಬಹುದು. ಕಾರ್ಬೈಡಿನ ಕಣ ಸಣ್ಣದಾದಷ್ಟೂ ನಡುವಿನ ಕೋಬಾಲ್ಟ್ ಪದರ ತೆಳುವಾಗಿ ಈ ಹಠ ಏರುತ್ತದೆ, ಬೇಯಿಸುವಾಗ ಶಾಖ ಹೆಚ್ಚಾಗಿ ಕಣ ದಪ್ಪವಾದರೆ ಇಳಿಯುತ್ತದೆ. ಈ ಅಳತೆಗೆ ಐಎಸ್‌ಒ 3326 ಎಂಬ ಅಂತರರಾಷ್ಟ್ರೀಯ ಮಾನಕವೇ ಇದೆ. ಪರೀಕ್ಷಕ ತುಣುಕನ್ನು ಸುರುಳಿಯ ನಡುವೆ ಇಡುತ್ತಾನೆ, ಉಪಕರಣ ಅದನ್ನು ಪೂರ್ತಿ ಅಯಸ್ಕಾಂತವಾಗಿಸಿ ಮತ್ತೆ ಸೊನ್ನೆಗೆ ಇಳಿಸುತ್ತದೆ, ಪಕ್ಕದ ಸಂವೇದಕ ಆ ಸೊನ್ನೆಯ ಗಳಿಗೆಯನ್ನು ಗುರುತಿಸುತ್ತದೆ, ತೆರೆಯ ಮೇಲೆ ಒಂದು ಅಂಕಿ ಮೂಡುತ್ತದೆ. ಈ ಕೆಲಸಕ್ಕೆ ಲೋಕದ ಗಟ್ಟಿಲೋಹ ಕಾರ್ಖಾನೆಗಳಲ್ಲಿ ಬಹುವಾಗಿ ಬಳಕೆಯಾದ ಉಪಕರಣ ಕೋಅರ್ಟ್ಸಿಮಾಟ್, ಅದರ ತಯಾರಕ ಮೇಲೆ ಹೇಳಿದ ರಾಯ್ಟ್‌ಲಿಂಗೆನ್ನಿನ ಫೋರ್‌ಸ್ಟರ್ ಸಂಸ್ಥೆ. ಮೂಸೆಯೊಳಗೆ ತಂಗಡಿ ಕಡ್ಡಿ ಎಷ್ಟಿಡಬೇಕೆಂದು ಚಿಂತಿಸುತ್ತಿದ್ದ ಚನ್ನರಾಯದುರ್ಗದ ಉಕ್ಕುಗಾರನ ತಲೆನೋವೂ ನಾಗಸಂದ್ರದಲ್ಲಿ ಬೂದು ತುಣುಕು ಬೇಯಿಸುವವರ ತಲೆನೋವೂ ಒಂದೇ, ಇಂಗಾಲದ ಹದ. ಎರಡನೆಯವರಿಗೆ ಅದನ್ನು ಒಡೆಯದೆ ತಿಳಿಯುವ ಉಪಾಯ ಸಿಕ್ಕಿತು ಎಂಬುದಷ್ಟೇ ವ್ಯತ್ಯಾಸ.

ಸುತ್ತಲಿನ ಕೈಗಾರಿಕೆ ಬೆಳೆದ ಕಥೆ ಹೆಚ್ಚು ಪರಿಚಿತ. 1953ರಲ್ಲಿ ಸ್ಥಾಪನೆಯಾದ ಎಚ್‌ಎಂಟಿ ಜಾಲಹಳ್ಳಿಯಲ್ಲಿ ಲೇತ್‌ಗಳನ್ನು ತಯಾರಿಸಿತು, ಪಕ್ಕದಲ್ಲೇ ಬಿಇಎಲ್ ಬಂತು, 1962ರಲ್ಲಿ ತುಮಕೂರು ರಸ್ತೆಯ ಮೇಲೆ ಯಂತ್ರೋಪಕರಣಗಳ ಕೇಂದ್ರ ಸಂಶೋಧನಾ ಸಂಸ್ಥೆಯಾಗಿ ಸಿಎಂಟಿಐ ತಲೆಯೆತ್ತಿತು. ಈ ದೊಡ್ಡ ಕಾರ್ಖಾನೆಗಳಲ್ಲಿ ಕೈಪಳಗಿಸಿಕೊಂಡವರೂ ಅವಕ್ಕೆ ಬಿಡಿಭಾಗ ಒದಗಿಸುವವರೂ ಪೀಣ್ಯದ ಶೆಡ್ಡುಗಳಲ್ಲಿ ಸ್ವಂತ ಉದ್ಯಮ ಹೂಡಿದರು. 1978ರಲ್ಲಿ ಅವರದೇ ಪೀಣ್ಯ ಕೈಗಾರಿಕಾ ಸಂಘ ರೂಪುಗೊಂಡಿತು. ಶೆಡ್ಡೊಂದರಲ್ಲಿ ಲೇತು, ಪಕ್ಕದ ಶೆಡ್ಡಿನಲ್ಲಿ ಹೀಟ್ ಟ್ರೀಟ್‌ಮೆಂಟ್, ಮುಂದಿನ ಕ್ರಾಸಿನಲ್ಲಿ ಗ್ರೈಂಡಿಂಗ್, ಅದರಾಚೆ ಪ್ಲೇಟಿಂಗ್ ಎಂಬಂತೆ ಕೆಲಸ ಹಂಚಿಹೋಗಿರುವ ಪೀಣ್ಯದಲ್ಲಿ ಒಂದೇ ‘ಜಾಬ್’ ನಾಲ್ಕು ಮಾಲೀಕರ ಕೈದಾಟಿ ಬರುತ್ತದೆ. ದೋಷ ಯಾರ ಶೆಡ್ಡಿನಲ್ಲಿ ಹುಟ್ಟಿತೆಂಬ ತಕರಾರಿಗೆ ಇಲ್ಲಿ ಕೊನೆಯೇ ಇಲ್ಲ, ಆ ತಕರಾರೇ ಪರೀಕ್ಷೆಯ ಉಪಕರಣಕ್ಕೆ ಬೆಲೆ ತಂದಿತೆಂದರೂ ಸರಿಯೆ.

ಬಿರುಕಿನ ಪರೀಕ್ಷೆಯಲ್ಲಿ ಮೊದಲು ಮನೆಮಾತಾದದ್ದು ಸುಳಿಯಲ್ಲ, ಕಾಂತದ ಪುಡಿ. 1922ರಲ್ಲಿ ಅಮೆರಿಕದ ವಿಲಿಯಂ ಹೋಕ್, ಅಯಸ್ಕಾಂತದ ಹಿಡಿಕೆಯಲ್ಲಿ ಬಿಗಿದು ಗ್ರೈಂಡಿಂಗ್ ಮಾಡುತ್ತಿದ್ದ ಗಟ್ಟಿ ಉಕ್ಕಿನ ಭಾಗಗಳ ಮೇಲೆ ಉಕ್ಕಿನ ಧೂಳು ಗೆರೆಗೆರೆಯಾಗಿ ಅಂಟಿರುವುದನ್ನೂ ಆ ಗೆರೆಗಳ ಕೆಳಗೆ ಬಿರುಕುಗಳಿರುವುದನ್ನೂ ಗಮನಿಸಿದ. ಉಕ್ಕು ಅಯಸ್ಕಾಂತವಾದಾಗ ಅದರೊಳಗೆ ಹರಿಯುವ ಕಾಂತರೇಖೆಗಳು ಬಿರುಕಿನ ಬಳಿ ಹೊರಕ್ಕೆ ಸೋರುತ್ತವೆ, ಸೋರಿದಲ್ಲಿ ಪುಡಿ ಕೂಡಿಕೊಳ್ಳುತ್ತದೆ. 1934ರಲ್ಲಿ ಹುಟ್ಟಿದ ಮ್ಯಾಗ್ನಾಫ್ಲಕ್ಸ್ ಕಂಪನಿಯ ಹೆಸರು ಕ್ರಮೇಣ ಪರೀಕ್ಷೆಯ ಹೆಸರೇ ಆಗಿಬಿಟ್ಟಿತು. ಕತ್ತಲೆ ಪರದೆಯೊಳಗೆ ನೇರಳಾತೀತ ದೀಪದ ಕೆಳಗೆ, ಎಣ್ಣೆಯಲ್ಲಿ ಕಲಸಿದ ಹೊಳೆಯುವ ಪುಡಿಯನ್ನು ಗೇರಿನ ಹಲ್ಲುಗಳ ಮೇಲೆ ಹರಿಸಿದಾಗ, ಕೂದಲೆಳೆಗಿಂತ ತೆಳುವಾದ ಬಿರುಕು ಹಸಿರು–ಹಳದಿ ಗೆರೆಯಾಗಿ ಎದ್ದು ಕಾಣುವುದನ್ನು ಒಮ್ಮೆ ನೋಡಿದವರು ಮರೆಯಲಾರರು. 1984ರಲ್ಲಿ ಯಲಹಂಕದಲ್ಲಿ ಆರಂಭವಾದ ರೈಲ್ವೆಯ ಗಾಲಿ ಮತ್ತು ಅಚ್ಚು ಕಾರ್ಖಾನೆಯಲ್ಲೂ, ಎರಕ ಹೊಯ್ದ ಗಾಲಿಗಳು ಹೊರಬೀಳುವ ಮುನ್ನ ಮ್ಯಾಗ್ನಾಗ್ಲೋ ಎಂಬ ಇದೇ ಜಾತಿಯ ಪರೀಕ್ಷೆಯನ್ನೂ ಶ್ರವಣಾತೀತ ಧ್ವನಿಯ ಪರೀಕ್ಷೆಯನ್ನೂ ಹಾಯುತ್ತವೆ. ಉದ್ದ ಹಿಡಿಯ ಸುತ್ತಿಗೆಯ ಕೆಲಸ ಹೀಗೆ ಗಾಲಿಯ ಹುಟ್ಟಿನ ಮನೆಗೇ ಹೋಗಿ ಸೇರಿತು.

ಪುಡಿಯ ಪರೀಕ್ಷೆಗೆ ನೋಡುವ ಕಣ್ಣು ಬೇಕು, ನೂರು ಬಿಡಿಭಾಗದ ಬಳಿಕ ಕಣ್ಣು ದಣಿಯುತ್ತದೆ. 1990ರ ದಶಕದವರೆಗೆ ಪೀಣ್ಯದ ಬಹುಪಾಲು ಕೆಲಸಕ್ಕೆ ಲಾಟಿನಲ್ಲಿ ಕೆಲವನ್ನು ಆಯ್ದು ನೋಡುವ ಕ್ರಮವೇ ಸಾಕಾಗಿತ್ತು. 1991ರ ಉದಾರೀಕರಣದ ಬಳಿಕ ವಿದೇಶಿ ವಾಹನ ಕಂಪನಿಗಳ ಬೇಡಿಕೆ ಬಂತು. ಅಮೆರಿಕದ ಮೂರು ದೊಡ್ಡ ವಾಹನ ಕಂಪನಿಗಳು 1994ರಲ್ಲಿ ಹೊರಡಿಸಿದ ಕ್ಯೂಎಸ್ 9000 ನಿಯಮಾವಳಿ, 1999ರಲ್ಲಿ ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಆರಂಭಿಸಿದ ಉತ್ಪಾದನೆ, ಇಂಥವು ಬಿಡಿಭಾಗ ಪೂರೈಸುವವರ ಲೆಕ್ಕಾಚಾರವನ್ನೇ ಬದಲಿಸಿದವು. ಹತ್ತು ಲಕ್ಷಕ್ಕೆ ಎಷ್ಟು ತಪ್ಪು ಎಂದು ಕೇಳುವ ಗಿರಾಕಿಗೆ ಆಯ್ದು ನೋಡಿದ ಉತ್ತರ ಸಾಲದು. ಒಂದೊಂದನ್ನೂ ನೋಡಬೇಕು, ಕ್ಷಣಾರ್ಧದಲ್ಲಿ ನೋಡಬೇಕು, ಮುಟ್ಟದೆ ನೋಡಬೇಕು. ಸುಳಿಗೆ ಹೊಂದುವ ಕೆಲಸ ಇದೇ.

ಅದರಲ್ಲೂ ಹೀಟ್ ಟ್ರೀಟ್‌ಮೆಂಟ್ ಶೆಡ್ಡಿನಿಂದ ಬಂದ ಪಿನ್ನುಗಳನ್ನು ವಿಂಗಡಿಸುವ ಕೆಲಸ ಸ್ವಾರಸ್ಯಕರ. ಕಾಯಿಸಿ ಎಣ್ಣೆಗೆ ಅದ್ದಿದ ಉಕ್ಕು ಗಟ್ಟಿಯಾಗುತ್ತದೆ, ಗಟ್ಟಿಯಾದ ಉಕ್ಕು ಅಯಸ್ಕಾಂತವಾಗಲು ಒಲ್ಲೆನೆನ್ನುತ್ತದೆ, ಹದ ತಪ್ಪಿ ಮೃದುವಾಗಿ ಉಳಿದದ್ದು ಬೇಗನೆ ಒಪ್ಪುತ್ತದೆ. ಕುಲುಮೆಯ ಬುಟ್ಟಿಯ ಮೂಲೆಯಲ್ಲಿ ಸಿಕ್ಕಿಕೊಂಡು ಸರಿಯಾಗಿ ಕಾಯದ ನಾಲ್ಕು ಪಿನ್ನು ಸಾವಿರ ಪಿನ್ನುಗಳ ನಡುವೆ ಬೆರೆತರೆ ಯಾವ ಕಣ್ಣಿಗೂ ಸಿಗವು. ಮೇಜಿನ ಮೇಲೆ ಸಣ್ಣ ಬಳೆಯಂಥ ಸುರುಳಿ, ಅದರ ಮೂಲಕ ಜಾರುವ ನಳಿಗೆ, ಪಕ್ಕದಲ್ಲಿ ಎಂಟು–ಹತ್ತು ಬೇರೆಬೇರೆ ಆವರ್ತನಗಳಲ್ಲಿ ಪಿನ್ನನ್ನು ಮಾತಾಡಿಸುವ ಪೆಟ್ಟಿಗೆ. ಪಿನ್ನು ಹಾದಾಗ ಹಸಿರು ದೀಪ ಹತ್ತಿದರೆ ಒಂದು ತಟ್ಟೆಗೆ, ಕೆಂಪು ಹತ್ತಿದರೆ ಬೀಗ ಹಾಕಿದ ಕೆಂಪು ಡಬ್ಬಿಗೆ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಪೆಟ್ಟಿಗೆಗೆ ಗಡಸುತನವೂ ಗೊತ್ತಿಲ್ಲ, ಬಿರುಕೂ ಗೊತ್ತಿಲ್ಲ. ಮೊದಲಿಗೆ ಅದಕ್ಕೆ ಚೆನ್ನಾಗಿವೆಯೆಂದು ಖಾತ್ರಿಯಾದ ಹತ್ತಿಪ್ಪತ್ತು ಪಿನ್ನುಗಳನ್ನು ಪರಿಚಯ ಮಾಡಿಸುತ್ತಾರೆ, ಆಮೇಲೆ ಬರುವ ಪ್ರತಿಯೊಂದನ್ನೂ ಅದು ‘ಇದು ಅವುಗಳಂತಿದೆ’, ‘ಇದು ಅವುಗಳಂತಿಲ್ಲ’ ಎಂದಷ್ಟೇ ಹೇಳುತ್ತದೆ. ಹೊಸ ಲಾಟಿನ ಉಕ್ಕಿನ ರಸಾಯನ ತುಸು ಬೇರೆಯಾಗಿದ್ದರೂ, ಪಿನ್ನು ಇನ್ನೂ ಬಿಸಿಯಾಗಿದ್ದರೂ ಕೆಂಪು ದೀಪವೇ. ಯಂತ್ರ ತೀರ್ಪು ಕೊಡುತ್ತದೆಂದು ನಂಬಿದವರು ಈ ಮೇಜಿನ ಬಳಿ ಒಂದು ಪಾಳಿ ಕುಳಿತರೆ ಆ ನಂಬಿಕೆ ಕರಗುತ್ತದೆ.

ಉಕ್ಕಿನಾಚೆಗೂ ಸುಳಿಗೆ ಕೆಲಸವಿದೆ. ಅಲ್ಯೂಮಿನಿಯಮ್ಮಿನ ಮಿಶ್ರಲೋಹಗಳನ್ನು ಅವು ವಿದ್ಯುತ್ತನ್ನು ಎಷ್ಟು ಸರಾಗವಾಗಿ ಹರಿಯಗೊಡುತ್ತವೆ ಎಂಬುದರಿಂದಲೇ ಗುರುತಿಸಬಹುದು; 1913ರಲ್ಲಿ ಒಪ್ಪಿತವಾದ ಮಾನಕದಂತೆ ತಾಮ್ರವನ್ನು 100 ಎಂದಿಟ್ಟರೆ, ಕಿಟಕಿ–ಬಾಗಿಲಿನ ಚೌಕಟ್ಟುಗಳಿಗೆ ಬಳಸುವ 6063 ಎಂಬ ಮಿಶ್ರಲೋಹ ಹದಗೊಂಡಾಗ ಸುಮಾರು 55 ತೋರಿಸುತ್ತದೆ, ವಿಮಾನಕ್ಕೆ ಬಳಸುವ ಗಟ್ಟಿಯಾದ 7075 ಸುಮಾರು 33 ತೋರಿಸುತ್ತದೆ. ಪೆನ್ನಿನಂಥ ಪ್ರೋಬನ್ನು ತಗುಲಿಸಿದೊಡನೆ ಅಂಕಿ ಸಿಗುವುದರಿಂದ ಸರಕು ಅದಲುಬದಲಾಗಿದ್ದರೆ ಅಲ್ಲೇ ತಿಳಿಯುತ್ತದೆ. ವಿಮಾನದ ವಿಷಯದಲ್ಲಿ ಈ ವಿದ್ಯೆಯ ಬೆಲೆ ಲೋಕಕ್ಕೆ ಮನದಟ್ಟಾದದ್ದು 1988ರ ಏಪ್ರಿಲ್ 28ರಂದು, ಹವಾಯಿಯ ಅಲೋಹಾ ಏರ್‌ಲೈನ್ಸಿನ ಬೋಯಿಂಗ್ 737 ವಿಮಾನದ ಮೇಲ್ಛಾವಣಿ ಆಕಾಶದಲ್ಲೇ ಕಿತ್ತುಹೋದಾಗ. 89,000ಕ್ಕೂ ಹೆಚ್ಚು ಬಾರಿ ಹಾರಿಳಿದಿದ್ದ ಆ ವಿಮಾನದ ತಗಡಿನ ಜೋಡಣೆಗಳಲ್ಲಿ, ರಿವೆಟ್ಟುಗಳ ತಲೆಯ ಅಡಿಯಿಂದ ಹೊರಟ ಸಣ್ಣ ಬಿರುಕುಗಳು ಒಂದಕ್ಕೊಂದು ಕೂಡಿಕೊಂಡಿದ್ದವು. ರಿವೆಟ್ಟಿನ ತಲೆ ಕೀಳದೆ ಅದರ ಅಡಿಯ ಬಿರುಕನ್ನು ನೋಡಬಲ್ಲದ್ದು ಸುಳಿಯೇ. ಅಂಥ ಪರೀಕ್ಷೆ ವಿಮಾನ ನಿರ್ವಹಣೆಯ ನಿತ್ಯವಿಧಿಯಾಗಿ ಗಟ್ಟಿಯಾದದ್ದು ಆ ಬಳಿಕ.

ಕರ್ನಾಟಕದ ಇನ್ನೆರಡು ನೆಲೆಗಳನ್ನು ಇಲ್ಲಿ ನೆನೆಯಬೇಕು. ಕೋಲಾರದ ಚಿನ್ನದ ಗಣಿಗಳಲ್ಲಿ, ಅದರಲ್ಲೂ 3 ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದ ಚಾಂಪಿಯನ್ ರೀಫ್‌ನಲ್ಲಿ, ಕೆಲಸಗಾರರ ಜೀವ ಉಕ್ಕಿನ ಹಗ್ಗದ ಮೇಲೆ ತೂಗುತ್ತಿತ್ತು. ಹಗ್ಗದ ತುದಿಯನ್ನು ನಿಯತಕಾಲಕ್ಕೆ ಕತ್ತರಿಸಿ, ಎಳೆದು ಮುರಿದು ನೋಡುವ ಹಳೆಯ ಕ್ರಮ ತುದಿಯ ಕಥೆಯನ್ನು ಹೇಳುತ್ತಿತ್ತೇ ಹೊರತು ನಡುವಿನ ಕಥೆಯನ್ನಲ್ಲ. ಹಗ್ಗವನ್ನು ಅಯಸ್ಕಾಂತಗಳ ನಡುವೆ ಹಾಯಿಸಿ, ಒಳಗಿನ ಎಳೆ ತುಂಡಾದಲ್ಲಿ ಸೋರುವ ಕಾಂತವನ್ನು ಸುರುಳಿ ಅಥವಾ ಹಾಲ್ ಸೆನ್ಸರಿನಿಂದ ಹಿಡಿಯುವ ಪದ್ಧತಿ ಈ ಕೊರತೆಯನ್ನು ನೀಗಿತು. 1988ರಲ್ಲಿ ಕೆಜಿಎಫ್‌ನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಶಿಲಾಯಂತ್ರವಿಜ್ಞಾನ ಸಂಸ್ಥೆ ಉಕ್ಕಿನ ಹಗ್ಗಗಳ ಪರೀಕ್ಷೆಯನ್ನು ತನ್ನ ಕೆಲಸಗಳಲ್ಲೊಂದಾಗಿ ಬೆಳೆಸಿತು, 2001ರಲ್ಲಿ ಗಣಿ ಮುಚ್ಚಿದರೂ ಆ ವಿದ್ಯೆ ಮುಚ್ಚಲಿಲ್ಲ. ಇನ್ನೊಂದು ನೆಲೆ ಕೈಗಾ. ಅಲ್ಲಿನಂಥ ಅಣು ವಿದ್ಯುತ್ ಸ್ಥಾವರಗಳಲ್ಲಿ ಉಗಿ ಹುಟ್ಟಿಸುವ ಸಾವಿರಾರು ತೆಳು ಕೊಳವೆಗಳ ಒಳಗೆ ಸುರುಳಿಯ ಪ್ರೋಬನ್ನು ತೂರಿಸಿ ಎಳೆಯುತ್ತ ಗೋಡೆ ಎಲ್ಲಿ ಸವೆದಿದೆಯೆಂದು ತಿಳಿಯುವುದು ಸುಳಿ ಪರೀಕ್ಷೆಯ ಪ್ರೌಢ ರೂಪ.

ಕಿವಿಯ ಪರೀಕ್ಷೆ ಪೂರ್ತಿ ಅಳಿಯಿತೆಂದೂ ಹೇಳುವಂತಿಲ್ಲ. 1919ರಲ್ಲಿ ಜರ್ಮನಿಯ ಹೈನ್‌ರಿಕ್ ಬಾರ್ಕ್‌ಹೌಸನ್, ಕಬ್ಬಿಣವನ್ನು ನಿಧಾನವಾಗಿ ಅಯಸ್ಕಾಂತವಾಗಿಸುವಾಗ ಅದರೊಳಗಿನ ಸಣ್ಣ ಸಣ್ಣ ಕಾಂತಪ್ರದೇಶಗಳು ಒಮ್ಮೆಲೇ ಹೊರಳುವುದನ್ನು ಸುರುಳಿ ಮತ್ತು ಧ್ವನಿವರ್ಧಕದ ಮೂಲಕ ಚಟಪಟ ಸದ್ದಾಗಿ ಕೇಳಿಸಿಕೊಂಡಿದ್ದ. ಗ್ರೈಂಡಿಂಗ್ ಚಕ್ರ ಒತ್ತಾಗಿ ತಗುಲಿ ಕಾವೇರಿದ ಗೇರಿನ ಹಲ್ಲಿನ ಮೇಲ್ಪದರ, ನೋಡಲು ಥಳಥಳಿಸುತ್ತಿದ್ದರೂ, ಒಳಗೆ ಮೆತ್ತಗಾಗಿರುತ್ತದೆ ಅಥವಾ ಬಿಗುವಿಗೆ ಸಿಕ್ಕಿರುತ್ತದೆ, ಅಂಥಲ್ಲಿ ಈ ಚಟಪಟ ಜೋರಾಗುತ್ತದೆ. ಗ್ರೈಂಡಿಂಗ್ ಬರ್ನ್ ಎಂದು ಹೆಸರಾದ ಈ ದೋಷವನ್ನು ಮೊದಲು ಆಮ್ಲದಲ್ಲಿ ಅದ್ದಿ ಬಣ್ಣ ನೋಡಿ ತಿಳಿಯುತ್ತಿದ್ದರು. ಈಗ ಉಪಕರಣ ಅದನ್ನು ಕೇಳಿ ಹೇಳುತ್ತದೆ.

ಸುರುಳಿ, ಸಂವೇದಕ, ಪೆಟ್ಟಿಗೆ ಇವೆಲ್ಲವನ್ನೂ ಹಣ ಕೊಟ್ಟು ತರಿಸಬಹುದು. ತರಿಸಲಾಗದ್ದು ಹೋಲಿಕೆಯ ತುಣುಕು; ಕಾರ್ಖಾನೆಯವರು ಅದಕ್ಕೆ ಮಾಸ್ಟರ್ ಪೀಸ್ ಎನ್ನುತ್ತಾರೆ. ಉಪಕರಣಕ್ಕೆ ಒಳ್ಳೆಯದನ್ನು ಪರಿಚಯಿಸಿದರೆ ಸಾಲದು, ಎಷ್ಟು ಕೆಟ್ಟದ್ದನ್ನು ಬಿಡಬಾರದೆಂಬುದನ್ನೂ ತೋರಿಸಬೇಕಾಗುತ್ತದೆ. ಹಾಗಾಗಿ ಒಳ್ಳೆಯ ಬಿಡಿಭಾಗವೊಂದನ್ನು ಆರಿಸಿ, ವಿದ್ಯುತ್ ಕಿಡಿಯಿಂದ ಲೋಹ ಸವೆಸುವ ಇಡಿಎಂ ಯಂತ್ರದಲ್ಲಿ ಅದರ ಮೈಮೇಲೆ ಅಳತೆಗೆ ತಕ್ಕ ಗೀರು ತೆಗೆಯುತ್ತಾರೆ, 0.1 ಮಿಲಿಮೀಟರ್ ಆಳ ಬೇಕೆಂದರೆ ಅಷ್ಟೇ, ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ದೋಷವಿಲ್ಲದ ಸಾಮಾನು ತಯಾರಿಸಲು ಹೆಸರಾದ ಸೀಮೆಯಲ್ಲಿ ದೋಷವನ್ನೇ ಇಷ್ಟು ನಿಷ್ಠೆಯಿಂದ ತಯಾರಿಸುವ ಈ ಕೆಲಸ ಯಾವ ಸರಕುಪಟ್ಟಿಯಲ್ಲೂ ಕಾಣಿಸಿಕೊಳ್ಳುವುದಿಲ್ಲ. ಪಾಳಿ ಆರಂಭವಾದಾಗ ಮೊದಲು ಸುರುಳಿಗೆ ತೋರಿಸುವುದು ಆ ಗೀರಿನ ತುಣುಕನ್ನು. ಅದಕ್ಕೆ ಕೆಂಪು ದೀಪ ಹತ್ತಿದ ಮೇಲೆಯೇ ಕೆಲಸ ಶುರು. ಅದರ ಮೈಗೆ ಕೆಂಪು ಬಣ್ಣ ಬಳಿದು, ತುಕ್ಕು ಹಿಡಿಯದಂತೆ ಎಣ್ಣೆ ಕಾಗದದಲ್ಲಿ ಸುತ್ತಿ ಬೀರುವಿನಲ್ಲಿ ಇಡುತ್ತಾರೆ, ಆ ಬೀರುವಿನ ಬೀಗದ ಕೈ ಕ್ವಾಲಿಟಿ ವಿಭಾಗದವರ ಬಳಿಯೇ ಇರುತ್ತದೆ.